ಮಗು ಕೇಳಲಿ, ಊರು ಕೇಳಲಿ
(ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಮುಖ್ಯಗುರುಗಳು ಮಾಡಿದ ಉಪನ್ಯಾಸ)



ಪ್ರೌಢಶಾಲೆಯ ಸುವರ್ಣ ಮಹೋತ್ಸವದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಿಗೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಈ ಶಾಲೆಗೆ ಮಕ್ಕಳು ಬರುವುದು ಎಂಟನೆಯ ತರಗತಿಗೆ. ಅದಕ್ಕೂ ಮುಂಚೆ ಏಳು ವರ್ಷ ಅವರು ನಮ್ಮ ಕನ್ನಡ ಸಾಲಿಯಲ್ಲಿ ಇರುತ್ತಾರೆ. ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗ ಒಂದೇ ದಿನದಲ್ಲಿ ಹಾಗಾಗಿರುವುದಿಲ್ಲ. ಆರು ವರ್ಷದವನಿದ್ದಾಗ ಅವನೂ ಬಾಯಿ ತುಂಬ ಮಾತಾಡಿದವನೇ. ಆ ಮಾತು ನಡುವೆ ಎಲ್ಲಿ ನಿಂತಿತು ಎಂಬುದನ್ನು ಪ್ರಾಥಮಿಕ ಮತ್ತು ಪ್ರೌಢಶಾಲೆಯವರು ಒಟ್ಟಿಗೆ ಕೂತು ಯೋಚಿಸಬೇಕು. ಅದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆ.

ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಅರ್ಥ. ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಶಾಲೆಯಲ್ಲಿ ನಾವು ಈ ಎರಡನ್ನೂ ಹಂಚಿಕೊಂಡುಬಿಟ್ಟಿದ್ದೇವೆ. ಪ್ರಶ್ನೆ ಕೇಳುವವರು ಮಾಸ್ತರರು, ಸುಮ್ಮನೆ ಕೇಳಿಸಿಕೊಳ್ಳುವವರು ಮಕ್ಕಳು. ಇದು ಅದಲುಬದಲಾದ ದಿನ ಕಲಿಕೆ ಶುರುವಾಗುತ್ತದೆ ಎಂಬುದು ನನ್ನ ಅನುಭವದ ಮಾತು.

‘ನಮ್ಮ ಮಕ್ಕಳು ಮಾತಾಡುವುದಿಲ್ಲವೇ? ಗ್ಯಾದರಿಂಗಿನಲ್ಲಿ ಎಷ್ಟು ಚೆಂದ ಭಾಷಣ ಮಾಡುತ್ತಾರೆ’ ಎಂದು ನೀವು ಹೇಳಬಹುದು. ನಿಜ. ಆದರೆ ಆ ಭಾಷಣ ಬರೆದವರು ನಾವು, ಬಾಯಿಪಾಠ ಮಾಡಿಸಿದವರು ನಾವು, ಎಲ್ಲಿ ಕೈ ಎತ್ತಬೇಕು ಎಂದು ಹೇಳಿಕೊಟ್ಟವರೂ ನಾವೇ. ಚಪ್ಪಾಳೆ ತಟ್ಟುವಾಗ ನಾವು ನಮ್ಮ ಮಾತಿಗೇ ಚಪ್ಪಾಳೆ ತಟ್ಟುತ್ತಿರುತ್ತೇವೆ. ಬಾಯಿಪಾಠ ಬೇಡವೆಂದು ನಾನು ಹೇಳುತ್ತಿಲ್ಲ, ನಾಲಿಗೆ ತಿದ್ದಲು ಅದೂ ಬೇಕು. ಆದರೆ ಮಗುವಿನ ದನಿ ಬೇರೆ. ಅದು ತಡವರಿಸುತ್ತದೆ, ಅಡ್ಡ ಪ್ರಶ್ನೆ ಹಾಕುತ್ತದೆ, ಒಮ್ಮೊಮ್ಮೆ ನಮಗೆ ಉತ್ತರ ಗೊತ್ತಿರದ್ದನ್ನೂ ಕೇಳುತ್ತದೆ.

ಮೂರನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: ‘ಸರ್, ಬ್ಯಾಸಗ್ಯಾಗ ನಮ್ಮ ಸಾಲಿ ತಗಡ ಯಾಕ ಟಣ್ ಟಣ್ ಅಂತೈತ್ರಿ?’ ಅದು ಭೂಗೋಳದ ಅವಧಿ, ನದಿಗಳ ಹೆಸರು ಹೇಳಿಸುತ್ತಿದ್ದೆ. ಪುಸ್ತಕ ಮಡಚಿ ಎಲ್ಲರೂ ಹೊರಗೆ ಹೋದೆವು. ಮುಂಜಾನೆ, ಮಧ್ಯಾಹ್ನ, ಸಂಜೆ ತಗಡು ಯಾವಾಗ ಸಪ್ಪಳ ಮಾಡುತ್ತದೆ ಎಂದು ನಾಲ್ಕು ದಿನ ಮಕ್ಕಳೇ ಬರೆದಿಟ್ಟರು. ಬಿಸಿಲು ಏರುವಾಗ ಮತ್ತು ಇಳಿಯುವಾಗ ಸಪ್ಪಳ ಹೆಚ್ಚು ಎಂದು ಅವರೇ ಕಂಡುಕೊಂಡರು. ಕಾದರೆ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂಬ ಪಾಠ ಪ್ರೌಢಶಾಲೆಯ ವಿಜ್ಞಾನದಲ್ಲಿ ಬಂದಾಗ ಆ ಮಕ್ಕಳಿಗೆ ಅದು ಹೊಸ ಪಾಠವಲ್ಲ, ತಮ್ಮ ಸಾಲಿಯ ತಗಡಿನ ಕಥೆ.

ಸೃಜನಶೀಲ ಕಲಿಕೆ ಎಂದರೆ ಬಣ್ಣದ ಕಾಗದ, ಥರ್ಮಾಕೋಲು, ಪೇಟೆಯಿಂದ ತಂದ ಮಾದರಿ ಎಂದು ತಿಳಿದವರು ಬಹಳ. ನಮ್ಮ ನಾಲ್ಕು ತಾಲೂಕುಗಳಲ್ಲಿ ಕಲಿಕೆಯ ಸಾಮಾನು ಮನೆಬಾಗಿಲಲ್ಲೇ ಬಿದ್ದಿದೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಯ ಮಗು ಮಗ್ಗದ ಸಪ್ಪಳದಲ್ಲೇ ಬೆಳೆದದ್ದು. ಹಾಸು ಯಾವುದು, ಹೊಕ್ಕು ಯಾವುದು, ಲಾಳಿ ಹೇಗೆ ಓಡುತ್ತದೆ ಎಂದು ಅದು ಹೇಳಬಲ್ಲದು. ದಡಿಯ ಒಂದು ಹೂವಿಗೆ 12 ಎಳೆ ಬೇಕಾದರೆ 15 ಹೂವಿಗೆ ಎಷ್ಟು ಎಂದು ಕೇಳಿನೋಡಿ. ಮಗ್ಗಿ ಬಾರದ ಹುಡುಗನೂ ಬೆರಳು ಮಡಚಿ ಲೆಕ್ಕ ಹಾಕುತ್ತಾನೆ. ಒಂದು ದಿನ ಅವನನ್ನೇ ಹಲಗೆಯ ಮುಂದೆ ನಿಲ್ಲಿಸಿ, ‘ನೀ ಹೇಳಪಾ, ನಾವು ಕೇಳ್ತೀವಿ’ ಎನ್ನಿ. ಆ ದಿನ ಮನೆಗೆ ಹೋಗುವ ಅವನ ನಡಿಗೆಯೇ ಬೇರೆ ಇರುತ್ತದೆ.

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಮಕ್ಕಳು ಕಾಟಾ ನೋಡಿರುತ್ತಾರೆ. ತುಂಬಿದ ಗಾಡಿಯನ್ನು ಒಮ್ಮೆ ತೂಗುತ್ತಾರೆ, ಖಾಲಿ ಗಾಡಿಯನ್ನು ಇನ್ನೊಮ್ಮೆ. ಯಾಕೆ ಎಂದು ಕೇಳಿದರೆ ಕಳೆಯುವ ಲೆಕ್ಕ ತಪ್ಪು ಮಾಡುವ ಮಗುವೂ, ‘ಖಾಲಿ ಗಾಡಿ ತೂಕ ತಗದರ ಕಬ್ಬಿನ ತೂಕ ಉಳಿತೈತ್ರಿ’ ಎನ್ನುತ್ತದೆ. ಹಾಗಾದರೆ ಅದಕ್ಕೆ ವ್ಯವಕಲನ ಬರುತ್ತದೆ. ಬಾರದಿರುವುದು ನಮ್ಮ ಪಾಟಿಯ ಮೇಲಿನ ಗುರುತು ಮಾತ್ರ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಆ ಕೆಲಸದಲ್ಲಿ ಕಲ್ಲು ಹೊತ್ತವರು ಇಂದು ಅಜ್ಜಂದಿರು. ಒಬ್ಬರನ್ನು ಶಾಲೆಗೆ ಕರೆತಂದು ಮಕ್ಕಳ ಮುಂದೆ ಕೂಡಿಸಿದರೆ ಇತಿಹಾಸ, ಗಣಿತ, ಪೌರನೀತಿ ಮೂರೂ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತವೆ.

ಬೀಳಗಿ ತಾಲೂಕಿನಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮವಿದೆ, ಆಲಮಟ್ಟಿಯ ಹಿನ್ನೀರಿದೆ. ಮುಳುಗಿದ ಊರನ್ನು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಮನೆತನಗಳ ಮೊಮ್ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಅವರು ಕಾಣದ ಊರು ಅಜ್ಜಿಯ ಮನಸ್ಸಿನಲ್ಲಿದೆ. ‘ಗುಡಿ ಎಲ್ಲಿತ್ತು? ನಿಮ್ಮ ಬಾವಿ ಎಲ್ಲಿತ್ತು?’ ಎಂದು ಅಜ್ಜಿಯನ್ನು ಕೇಳಿ ಹಳೆಯ ಊರಿನ ನಕಾಶೆ ಬರೆದುಕೊಂಡು ಬರಲು ಹೇಳಿ. ದಿಕ್ಕು, ಅಳತೆ, ಗುರುತು ಎಲ್ಲವನ್ನೂ ಮಗು ಕಲಿಯುತ್ತದೆ. ಅದರ ಜೊತೆಗೆ, ಬಹಳ ದಿನದಿಂದ ಯಾರೂ ಕೇಳದ ಅಜ್ಜಿಯ ಮಾತನ್ನೂ ಒಬ್ಬರು ಕೇಳಿದಂತಾಗುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಹೊಳೆಸಾಲಿನ ಊರುಗಳು ನೀರಾದದ್ದು ನಿಮಗೆಲ್ಲ ನೆನಪಿದೆ. ಶಾಲೆಗಳು ಮತ್ತೆ ತೆರೆದಾಗ ಮಕ್ಕಳು ಮಂಕಾಗಿದ್ದರು. ಪಾಠ ಬದಿಗಿಟ್ಟು, ‘ಮನಿ ಬಿಟ್ಟು ಬರೂ ಮುಂದ ಕೈಯಾಗ ಏನ ಹಿಡಕೊಂಡ ಬಂದ್ರಿ? ಚಿತ್ರ ಬರೀರಿ’ ಎಂದೆವು. ಒಬ್ಬ ಆಡಿನ ಮರಿ ಬರೆದ. ಒಬ್ಬಳು ಅವ್ವನ ರೇಷನ್ ಕಾರ್ಡು ಬರೆದಳು. ಒಂದು ಮಗು ಖಾಲಿ ಕೈ ಬರೆದು ಸುಮ್ಮನೆ ಕೂತಿತು. ಆ ಖಾಲಿ ಕೈಯ ಚಿತ್ರಕ್ಕೆ ಅಂಕ ಕೊಡಲು ಬರುವುದಿಲ್ಲ. ಮಗುವಿನ ಪಕ್ಕ ಕೂತು ಕೇಳಬೇಕು, ಅಷ್ಟೇ. ಅವತ್ತು ಕೇಳಿದ ಮೇಲೆಯೇ ಅದು ಮರುದಿನ ಪುಸ್ತಕ ತೆರೆಯಿತು.

ಇದೆಲ್ಲ ನನ್ನ ಸ್ವಂತ ಸಂಶೋಧನೆಯಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದು, ಹೆದರಿಸದೆ ಬಡಿಯದೆ ಕಲಿಸಬಹುದು ಎಂದು ತೋರಿಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕ, ಕುಣಿತದ ಮೂಲಕ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದರು. ನಮ್ಮದೇ ರಾಜ್ಯದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಆರಂಭಿಸಿದ ನಲಿ-ಕಲಿ 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ತನ್ನ ಮೆಟ್ಟಿಲನ್ನು ಮಗು ತಾನೇ ಏರುವುದು, ಗುಂಪಿನಲ್ಲಿ ಕಲಿಯುವುದು, ಬರೆದ ಚಿತ್ರವನ್ನು ಚಪ್ಪರಕ್ಕೆ ತೂಗುಹಾಕುವುದು ಅದರ ಕ್ರಮ. ಇತ್ತೀಚೆಗೆ 2022-23ರ ಕಲಿಕಾ ಚೇತರಿಕೆಯ ವರ್ಷದಲ್ಲಿ ಕಲಿಕಾ ಹಬ್ಬ ನಡೆಯಿತು. ‘ಊರು ತಿಳಿಯೋಣ’ ಎಂಬ ಚಟುವಟಿಕೆಯಲ್ಲಿ ಮಕ್ಕಳು ನಿಮ್ಮ ಓಣಿಗೆ ಬಂದು ಪ್ರಶ್ನೆ ಕೇಳಿದ್ದು ಹಲವರಿಗೆ ನೆನಪಿರಬಹುದು.

ಕಾನೂನೂ ಇದನ್ನೇ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಂ ಪ್ರಕಾರ, ಮಗು ಚಟುವಟಿಕೆ ಮತ್ತು ಶೋಧನೆಯಿಂದ ಕಲಿಯಬೇಕು, ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಾಗಬೇಕು. ಸಾಧ್ಯವಾದಷ್ಟು ಅದರ ಮಾತೃಭಾಷೆಯಲ್ಲೇ ಕಲಿಸಬೇಕು ಎಂದೂ ಅಲ್ಲಿದೆ. ಈ ಕೊನೆಯ ಮಾತು ನಮ್ಮ ಭಾಗಕ್ಕೆ ಮುಖ್ಯ. ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಮಕ್ಕಳಲ್ಲಿ ಕೆಲವರ ಮನೆಮಾತು ಲಂಬಾಣಿ, ಕೆಲವರದು ಮರಾಠಿ. ಊರಿನಲ್ಲೇ ಉರ್ದು ಮಾತಾಡುವ ಮಕ್ಕಳಿದ್ದಾರೆ. ಮೊದಲ ದಿನವೇ ‘ಸರಿಯಾಗಿ ಮಾತಾಡು’ ಎಂದು ಗದರಿಸಿದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ. ‘ಮಾಡಾಕತ್ತೀನ್ರಿ’ ಎನ್ನುವ ನಮ್ಮ ಮಗುವಿಗೂ ಅದೇ ನ್ಯಾಯ. ಗ್ರಾಂಥಿಕ ಕನ್ನಡವನ್ನು ಅದು ನಿಧಾನಕ್ಕೆ ಕಲಿಯಲಿ. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಹುಡುಗ ಗುರುವನ್ನು ಹುಡುಕಿಕೊಂಡು ಶ್ರವಣಬೆಳಗೊಳದವರೆಗೆ ಹೋದ. ಅಜಿತಸೇನಾಚಾರ್ಯರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು. ಅವನೇ ಕವಿಚಕ್ರವರ್ತಿ ರನ್ನ. ಯಾವ ಮನೆಯ ಮಗುವಿನ ನಾಲಿಗೆಯಲ್ಲಿ ಏನಿದೆ ಎಂದು ಮೊದಲೇ ಹೇಳಬಲ್ಲವರು ಯಾರು?

ಬಂಧುಗಳೇ, ಈಗ ಸ್ವಲ್ಪ ಕಹಿ ಮಾತು. ಮಗು ಕಲಿಕೆಯ ಪ್ರಶ್ನೆಯನ್ನಷ್ಟೇ ಕೇಳುವುದಿಲ್ಲ. ನಮ್ಮ ಶಾಲೆಯಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೆವು. ‘ಚಂದಿರ ನಮ್ಮ ಸಂಗಾಟ ಯಾಕ ಬರತಾನ?’ ‘ಹುಡುಗ್ಯಾರ ಸಂಡಾಸದ ಬಾಗಿಲಿಗೆ ಚಿಲಕ ಯಾಕಿಲ್ಲ?’ ಎಂಬಂಥ ಚೀಟಿಗಳು ಬರುತ್ತಿದ್ದವು. ಒಂದು ಶನಿವಾರ ಹೆಸರಿಲ್ಲದ ಒಂದು ಚೀಟಿ ಬಂತು: ‘ನನಗ ಎಂಟನೇತ್ತಾ ಓದಬೇಕಂತ ಐತ್ರಿ. ಮನ್ಯಾಗ ಬ್ಯಾರೆ ಮಾತ ನಡದೈತಿ. ಯಾರಿಗೆ ಹೇಳಲಿ?’

ಆ ‘ಬೇರೆ ಮಾತು’ ಏನೆಂದು ಇಲ್ಲಿರುವ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಚೀಟಿಯನ್ನು ನಾನು ತರಗತಿಯಲ್ಲಿ ಓದಲಿಲ್ಲ. ನಮ್ಮ ಅಕ್ಕೋರು ಅಕ್ಷರದ ಗುರುತು ಹಿಡಿದು ಆ ಹುಡುಗಿಯ ಜೊತೆ ಒಬ್ಬರೇ ಮಾತಾಡಿದರು. ಆಮೇಲೆ ಅಂಗನವಾಡಿಯ ಅಕ್ಕೋರು, ಸಮಿತಿಯ ಇಬ್ಬರು ತಾಯಂದಿರು ಮನೆಗೆ ಹೋಗಿ ಕೂತರು. 18 ತುಂಬದ ಹುಡುಗಿಯ ಮದುವೆ ಅಪರಾಧ ಎಂಬುದನ್ನೂ, 1098ಕ್ಕೆ ಫೋನ್ ಮಾಡಬಹುದು ಎಂಬುದನ್ನೂ ತಿಳಿಸಿದರು. ಕೊನೆಗೆ ಮಾತು ಗೆದ್ದದ್ದು ಆ ಹುಡುಗಿಯ ಅಜ್ಜಿಯಿಂದ: ‘ಕೂಸ ಬಾಯಿ ಬಿಟ್ಟ ಕೇಳೇತಿ, ಇನ್ನ ಹೆಂಗ ಇಲ್ಲ ಅನ್ನೂದು?’ ಹುಡುಗಿ ಎಂಟನೆಯ ತರಗತಿಗೆ ಬಂದಳು. ಮುಂದಿನ ಕಥೆ ಅವಳದು, ಹೇಳುವ ಹಕ್ಕೂ ಅವಳದೇ.

ಒಂದು ವಿಚಾರ ಮಾಡಿ. ಚಂದಿರನ ಬಗ್ಗೆ ಕೇಳಿದಾಗ ಯಾರೂ ನಗಲಿಲ್ಲ, ಚಿಲಕದ ಬಗ್ಗೆ ಕೇಳಿದಾಗ ಎಂಟು ದಿನದಲ್ಲಿ ಚಿಲಕ ಬಂತು. ಅದನ್ನು ನೋಡಿದ್ದಕ್ಕೇ ಆ ಹುಡುಗಿಗೆ ಮೂರನೆಯ ಚೀಟಿ ಬರೆಯುವ ಧೈರ್ಯ ಬಂತು. ಸಣ್ಣ ಪ್ರಶ್ನೆಗೆ ಉತ್ತರ ಸಿಗುವ ಶಾಲೆಯಲ್ಲಿ ಮಾತ್ರ ಮಗು ದೊಡ್ಡ ಪ್ರಶ್ನೆ ಕೇಳುತ್ತದೆ.

ಆದ್ದರಿಂದ ಈ ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಕಟ್ಟೆ ಕಟ್ಟುವ ಜೊತೆಗೆ ಮೂರು ಕೆಲಸ ಮಾಡೋಣ. ಮೊದಲನೆಯದು, ಪ್ರತಿ ಕನ್ನಡ ಸಾಲಿಯಲ್ಲೂ ಪ್ರಶ್ನೆ ಪೆಟ್ಟಿಗೆ ಇರಲಿ. ಪ್ರತಿ ಶನಿವಾರ ಅದನ್ನು ತೆರೆಯಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಈ ಪ್ರೌಢಶಾಲೆಯ ವಿಜ್ಞಾನ, ಗಣಿತ ಶಿಕ್ಷಕರಿಗೆ ಕಳುಹಿಸಲಿ, ಒಂಬತ್ತನೆಯ ತರಗತಿಯ ಮಕ್ಕಳು ಉತ್ತರ ಹುಡುಕಿ ತಮ್ಮ ತಮ್ಮ-ತಂಗಿಯರಿಗೆ ಬರೆಯಲಿ.

ಎರಡನೆಯದು, ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ತಮ್ಮ ಕನ್ನಡ ಸಾಲಿಗೆ ಬರಲಿ. ಭಾಷಣ ಮಾಡಬೇಡಿ. ನೇಕಾರರು ಲಾಳಿ ತನ್ನಿ, ರೈತರು ಮಣ್ಣು ತನ್ನಿ, ನರ್ಸು ಬಾಯಿ ಸ್ಟೆತಸ್ಕೋಪು ತರಲಿ. ಮಕ್ಕಳು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ.

ಮೂರನೆಯದು, ಮಕ್ಕಳ ಗ್ರಾಮಸಭೆ. ಪ್ರತಿ ಗ್ರಾಮ ಪಂಚಾಯತಿ ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು ಎಂಬುದು ಸರ್ಕಾರದ ಆದೇಶ. ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ನಡೆದು, ಊರಿನ ಕೊರತೆಗಳನ್ನು ಮಕ್ಕಳೇ ಪಟ್ಟಿ ಮಾಡಿ ಹಿರಿಯರ ಮುಂದಿಟ್ಟ ದಾರಿ ನಮಗಿದೆ. ಸಭೆಯಲ್ಲಿ ಹಿರಿಯರ ಸತ್ಕಾರ, ಹಾರ-ತುರಾಯಿ ಕಡಿಮೆ ಮಾಡಿ. ಹಿಂದಿನ ವರ್ಷ ಮಕ್ಕಳು ಕೇಳಿದ್ದೇನು, ಅದರಲ್ಲಿ ಆಗಿದ್ದೇನು, ಆಗದಿದ್ದರೆ ಯಾಕೆ ಎಂದು ಮೊದಲು ಓದಿ ಹೇಳಿ. ‘ಆಗಲಿಲ್ಲ’ ಎಂಬ ಉತ್ತರವನ್ನೂ ಮಗು ತಾಳಿಕೊಳ್ಳುತ್ತದೆ. ಉತ್ತರವೇ ಬಾರದಿದ್ದರೆ ಮುಂದಿನ ವರ್ಷ ಅದು ಕೇಳುವುದನ್ನೇ ಬಿಡುತ್ತದೆ.

ಐವತ್ತು ವರ್ಷ ಈ ಶಾಲೆ ಊರಿಗೆ ಕಲಿಸಿದೆ. ಇನ್ನು ಮುಂದೆ ಊರು ತನ್ನ ಮಕ್ಕಳ ಮಾತು ಕೇಳುವುದನ್ನು ಕಲಿಯಲಿ. ಈ ನವೆಂಬರಿನಲ್ಲಿ ನಿಮ್ಮ ಪಂಚಾಯತಿಯ ಮಕ್ಕಳ ಗ್ರಾಮಸಭೆಗೆ ನೀವೆಲ್ಲ ಬಂದು ಹಿಂದಿನ ಸಾಲಿನಲ್ಲಿ ಕೂಡ್ರಿ. ಮುಂದಿನ ಸಾಲು ಮಕ್ಕಳಿಗಿರಲಿ.