ಕಾಣದ ಆಸ್ತಿಯ ಏಲಂ
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ಕಡೆಯ ಪಂಚಾಯತುಗಳಲ್ಲಿ ಹಸಿಮೀನು ಮಾರುವ ಹಕ್ಕನ್ನು ಏಲಂ ಹಾಕುವುದು ನಿಮಗೆಲ್ಲ ಗೊತ್ತು. ದಿನ ಗೊತ್ತು ಮಾಡಿ ನೋಟೀಸು ಹಚ್ಚುತ್ತಾರೆ, ಠೇವಣಿ ಎಷ್ಟೆಂದು ಬರೆಯುತ್ತಾರೆ, ಎಲ್ಲರೆದುರು ಕೂಗುತ್ತಾರೆ. ಮೊಬೈಲು ಮಾತನ್ನು ಹೊತ್ತು ತರುವ ರೇಡಿಯೋ ತರಂಗವೂ ಹಾಗೆಯೇ ಊರೊಟ್ಟಿನ ಆಸ್ತಿ. 1995ರಲ್ಲಿ ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿತು. ಆದರೆ ಅದನ್ನು ಯಾವಾಗ, ಹೇಗೆ ಹಂಚಬೇಕೆಂದು ಕಾನೂನಿನಲ್ಲಿ ಬರೆದಿರಲಿಲ್ಲ. ಇದ್ದದ್ದು ತಂತಿ ಕಳಿಸುವ ಕಾಲದ, 1885ರ ಟೆಲಿಗ್ರಾಫ್ ಕಾಯಿದೆ. ಪರವಾನಗಿ ಕೊಡುವ ಅಧಿಕಾರ ಸರಕಾರಕ್ಕಿದೆ ಎಂದು ಹೇಳಿ ಅದು ಸುಮ್ಮನಾಗುತ್ತದೆ.

ಕಾನೂನು ಹೀಗೆ ಮಸುಕಾಗಿದ್ದಾಗ ಅಧಿಕಾರದಲ್ಲಿರುವವರು ಏನು ಮಾಡಬೇಕು? 2007ರಲ್ಲಿ ಈ ಪ್ರಶ್ನೆ ದೆಹಲಿಯಲ್ಲಿ ಎದ್ದಿತು. 2ಜಿ ತರಂಗಕ್ಕೆ ಏಲಂ ಬೇಡವೆಂದು ಟ್ರಾಯ್ ಸಲಹೆ ಕೊಟ್ಟಿತ್ತು. ವಿಷಯವನ್ನು ಮಂತ್ರಿಗಳ ಸಮಿತಿಯ ಮುಂದಿಡಿ ಎಂದಿತು ಕಾನೂನು ಸಚಿವಾಲಯ. ನವೆಂಬರ್ 2ರಂದು ಪ್ರಧಾನಿಯವರೂ ಪತ್ರ ಬರೆದರು. ಆಗ ದೂರಸಂಪರ್ಕ ಸಚಿವರಾಗಿದ್ದ ಎ. ರಾಜಾ ಅವರು ಮೊದಲು ಬಂದವರಿಗೆ ಮೊದಲು ಎಂಬ ದಾರಿ ಹಿಡಿದರು. ದರವೂ 2001ರದ್ದೇ: ಇಡೀ ದೇಶಕ್ಕೆ 1,658 ಕೋಟಿ ರೂಪಾಯಿ.

ಏಲಂ ಹಾಕಲಿಲ್ಲ ಎಂಬುದಕ್ಕೇ ನಾನು ಅವರನ್ನು ದೂರುವುದಿಲ್ಲ. ತಪ್ಪೆಂದು ನನಗೆ ಕಾಣುವುದು ಬೇರೆ. ಅಕ್ಟೋಬರ್ 1ರವರೆಗೆ ಅರ್ಜಿ ತೆಗೆದುಕೊಂಡು, ಸೆಪ್ಟೆಂಬರ್ 25ರೊಳಗೆ ಬಂದದ್ದನ್ನು ಮಾತ್ರ ಪರಿಗಣಿಸುತ್ತೇವೆಂದು 2008ರ ಜನವರಿ 10ರಂದು ಪ್ರಕಟಿಸಿದರು. ಅದೇ ಮಧ್ಯಾಹ್ನ ಬಂದು ಪತ್ರ ಒಯ್ಯಿರಿ ಎಂದರು. ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಾಲು ನಿಂತ ಮೇಲೆ, "ಸಾಲು ಆ ಕಂಬದವರೆಗೆ ಮಾತ್ರ" ಎಂದರೆ ನಾವು ಸುಮ್ಮನಿರುತ್ತೇವೆಯೇ?

2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟು 122 ಪರವಾನಗಿಗಳನ್ನು ರದ್ದು ಮಾಡಿ, ಏಲಂ ಮೂಲಕವೇ ಹಂಚಬೇಕೆಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರಿಸುತ್ತ, ಎಲ್ಲ ನೈಸರ್ಗಿಕ ಸಂಪತ್ತಿಗೂ ಏಲಂ ಕಡ್ಡಾಯವಲ್ಲ ಎಂದೂ ಹೇಳಿತು. ಕ್ರಿಮಿನಲ್ ಪ್ರಕರಣದ ಕಥೆ ಬೇರೆ; 2017ರಲ್ಲಿ ವಿಶೇಷ ನ್ಯಾಯಾಲಯ ರಾಜಾ ಸಹಿತ ಆರೋಪಿಗಳನ್ನು ಖುಲಾಸೆ ಮಾಡಿತು, ಸಿಬಿಐ ಮೇಲ್ಮನವಿ ಹೋಯಿತು.

ಇನ್ನು ಏಲಂ ಹಾಕಿದರೆ ಮುಗಿಯಿತೇ? 2012ರ ನವೆಂಬರಿನಲ್ಲಿ ಹಾಕಿದರು. ದೇಶದಾದ್ಯಂತ 5 ಮೆಗಾಹರ್ಟ್ಸ್‌ಗೆ ಮೂಲಬೆಲೆ 14,000 ಕೋಟಿ. ದೆಹಲಿ, ಮುಂಬಯಿ, ರಾಜಸ್ಥಾನಕ್ಕೆ ಯಾರೂ ಕೂಗಲಿಲ್ಲ. ನಮ್ಮ ಕರ್ನಾಟಕಕ್ಕೂ ಒಬ್ಬನೂ ಇಲ್ಲ! ಎರಡು ವರ್ಷ ಹಿಂದಷ್ಟೇ 3ಜಿ ಏಲಂನಲ್ಲಿ 67,000 ಕೋಟಿಗೂ ಹೆಚ್ಚು ಸುರಿದ ಕಂಪೆನಿಗಳು ಸಾಲದಲ್ಲಿದ್ದವು. ಮೀನಿನ ಏಲಂನಲ್ಲೂ ಹೀಗೇ ಅಲ್ಲವೇ, ಸವಾಲಿನ ಮೊತ್ತ ಏರಿಸಿಟ್ಟರೆ ಅಂಗಡಿಗೆ ಬೀಗ, ಊರಿಗೆ ಮೀನಿಲ್ಲ. ಮುಂದೆ ದರ ಇಳಿಸಿದ ಮೇಲೆ, 2014ರ ಫೆಬ್ರವರಿಯಲ್ಲಿ, ಇನ್ನೊಂದು ಬ್ಯಾಂಡೂ ಸೇರಿ 61,000 ಕೋಟಿಗೆ ಮಾರಾಟವಾಯಿತು. ತರಂಗವನ್ನು ಅಡಿಕೆಯಂತೆ ಒಳ್ಳೆಯ ಧಾರಣೆ ಬರಲೆಂದು ದಾಸ್ತಾನಿಡಲಾಗುವುದಿಲ್ಲ. ಬಳಸದ ದಿನ ಹೋದದ್ದೇ.

ಆ ನಷ್ಟದ ರುಚಿ ನಮಗೆ ಗೊತ್ತು. ಕೊರೋನ ಕಾಲದಲ್ಲಿ ಸುಳ್ಯ, ಕಡಬದ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿದರು. ಏಲಂನ ದುಡ್ಡು ದೆಹಲಿಯ ಖಜಾನೆಗೆ ಹೋಯಿತು. ಟವರು ಹೋದದ್ದು ಜನ ಜಾಸ್ತಿ ಇರುವ ಪೇಟೆಗೆ.

2023ರ ದೂರಸಂಪರ್ಕ ಕಾಯಿದೆ ಈ ಮಸುಕನ್ನು ಸ್ವಲ್ಪ ಒರೆಸಿದೆ. ಏಲಂ ಸಾಮಾನ್ಯ ನಿಯಮ. ಏಲಂ ಇಲ್ಲದೆ ಕೊಡುವುದು ಯಾವುದಕ್ಕೆಂದು ಪಟ್ಟಿಯಿದೆ. ಬಿಎಸ್‌ಎನ್‌ಎಲ್ ಅದರಲ್ಲಿದೆ, ಉಪಗ್ರಹದ ಇಂಟರ್ನೆಟ್ಟೂ ಇದೆ. ಟವರು ಮುಟ್ಟದ ನಮ್ಮ ಘಟ್ಟದ ಬುಡದ ಮನೆಗಳೇ ನಾಳೆ ಅದರ ಗಿರಾಕಿಗಳು. ಹಾಗಾಗಿ ಅದರ ದರ, ದಿನಾಂಕ, ಶರತ್ತುಗಳ ನೋಟೀಸನ್ನು ಅರ್ಜಿ ತೆಗೆದುಕೊಳ್ಳುವ ಮೊದಲು ಹಚ್ಚಿದರೋ, ಆಮೇಲೆ ಹಚ್ಚಿದರೋ ಎಂದು ಪೇಪರಿನಲ್ಲಿ ಸ್ವಲ್ಪ ನೋಡುತ್ತಿರಿ.