ಕಡಲಿನ ಬಣ್ಣದ ಜೀವಿಯನ್ನು ಗುರುತಿಸುವ ಬಗೆ
(ಭಾಷಣದ ಪಾಠ)



ರಾಯದುರ್ಗ, ಮಡಕಶಿರಾ ಸೀಮೆಯವರಾದ ನಮಗೆ ಕಲ್ಲುಗುಡ್ಡವೂ ಕೆರೆಯೂ ಪರಿಚಿತ. ಕಡಲು ದೂರದ ಮಾತು. ಆದರೂ ಇಂದು ಕಡಲಿನ ಒಂದು ಚಿಕ್ಕ ಜೀವಿಯ ವಿಚಾರವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಮಳೆಗಾಲದಲ್ಲಿ ಹಿತ್ತಲಲ್ಲಿ ಹರಿದಾಡುವ ಬಸವನಹುಳುವನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಬಂಧುಗಳು ಕಡಲಿನಲ್ಲಿಯೂ ಉಂಟು. ಅವುಗಳಲ್ಲಿ ಒಂದು ಗುಂಪಿನವು ಮರಿಯಾಗಿದ್ದಾಗ ಇದ್ದ ಚಿಪ್ಪನ್ನು ತೊರೆದು ಬರಿಮೈಯಲ್ಲಿ ಬಾಳುತ್ತವೆ. ಉಷ್ಣವಲಯದ ಕಡಲುಗಳಲ್ಲಿ ಇವುಗಳ ಬಣ್ಣಗಳು ಹೂದೋಟವನ್ನು ನೆನಪಿಗೆ ತರುತ್ತವೆ. ಇವುಗಳಲ್ಲಿ ಅನೇಕಕ್ಕೆ ಬಣ್ಣವೇ ರಕ್ಷೆ. ತಾವು ತಿನ್ನಲು ತಕ್ಕವಲ್ಲವೆಂದು ಮೀನುಗಳಿಗೆ ಅವು ಸಾರುವ ಎಚ್ಚರಿಕೆ ಅದು.

ವಾಲ್ಟರ್ ಎಲಿಯಟ್ ಎಂಬ ಆಂಗ್ಲ ಸರಕಾರದ ಅಧಿಕಾರಿಯು 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿ ಬಿಡುಗಡೆ ಹೊಂದಿದವರು. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿದವರು. ಅವರೇ ತರುವಾಯ ವಿಶಾಖಪಟ್ಟಣದ ತೀರದಲ್ಲಿ ಈ ಜೀವಿಗಳನ್ನು ಸಂಗ್ರಹಿಸಿದರು. ಮದ್ಯಸಾರದಲ್ಲಿಟ್ಟರೆ ಇವುಗಳ ಬಣ್ಣ ಮಾಸುತ್ತದೆ, ಮೈ ಕುಗ್ಗುತ್ತದೆ. ಆದುದರಿಂದ ದೇಶೀಯ ಚಿತ್ರಗಾರರಿಂದ ಇವುಗಳ ಬಣ್ಣದ ಚಿತ್ರಗಳನ್ನು ಬರೆಯಿಸಿದರು. ಆ ಚಿತ್ರಗಳನ್ನೂ ಮಾದರಿಗಳನ್ನೂ ಪರೀಕ್ಷಿಸಿ ಇಂಗ್ಲೆಂಡಿನ ಆಲ್ಡರ್ ಮತ್ತು ಹ್ಯಾನ್‌ಕಾಕ್ ಎಂಬ ವಿದ್ವಾಂಸರು 1864ರಲ್ಲಿ ಹಲವು ಹೊಸ ಜಾತಿಗಳನ್ನು ವರ್ಣಿಸಿದರು. ಅವುಗಳಲ್ಲೊಂದು 'ಕಲಿಂಗ ಆರ್ನೇಟಾ'. ಕಲಿಂಗವೆಂಬುದು ಆ ತೀರದ ಪ್ರಾಚೀನ ಹೆಸರು. ಆರ್ನೇಟಾ ಎಂದರೆ ಅಲಂಕೃತವಾದುದು.

ಹಾಗಾದರೆ ಬಣ್ಣ ನೋಡಿದರೆ ಸಾಲದೇ? ಸಾಲದು. ಬೇರೆ ಬೇರೆ ಜಾತಿಗಳು ಒಂದೇ ಉಡುಗೆ ಉಟ್ಟಂತೆ ಕಾಣುವುದುಂಟು. ಒಂದೇ ಜಾತಿಯಲ್ಲಿ ಬಣ್ಣ ಬದಲಾಗುವುದೂ ಉಂಟು. ತಲೆಯ ಮೇಲೆ ವಾಸನೆ ಹಿಡಿಯುವ ಎರಡು ಕೊಂಬುಗಳ ಆಕಾರವೇನು? ಬೆನ್ನ ಮೇಲೆ ಹೂವಿನಂತೆ ಅರಳುವ ಕಿವಿರಿಗೆ ಎಷ್ಟು ಕವಲು? ಮೈಯಂಚು ನಯವೋ, ಗಂಟುಗಂಟೋ? ಅದು ಯಾವುದರ ಮೇಲೆ ಕುಳಿತಿದೆ, ಏನನ್ನು ತಿನ್ನುತ್ತಿದೆ? ಇವನ್ನೆಲ್ಲ ಬರೆದುಕೊಂಡ ಮೇಲೆಯೇ ಹೆಸರನ್ನು ಹುಡುಕಬೇಕು. ಹೆಸರು ಮೊದಲು, ನೋಟ ಆಮೇಲೆ ಎಂಬುದು ತಪ್ಪಿನ ದಾರಿ.

ಶಾಸನದ ಒಂದಕ್ಷರ ತಪ್ಪಿದರೆ ಅರ್ಥವೇ ಕೆಡುತ್ತದೆ. ಜೀವಿಗೆ ತಪ್ಪು ಹೆಸರಿಟ್ಟರೆ ಮುಂದೆ ಓದುವವರೆಲ್ಲ ದಾರಿ ತಪ್ಪುತ್ತಾರೆ. ಎರಡಕ್ಕೂ ಬೇಕಾದುದು ಒಂದೇ: ತಾಳ್ಮೆಯ ಕಣ್ಣು, ಪ್ರಾಮಾಣಿಕವಾದ ಕೈ.

ಈ ಕಣ್ಣನ್ನು ಪಡೆಯಲು ಕಡಲಿನವರೆಗೆ ಹೋಗಬೇಕಾಗಿಲ್ಲ. ಮಕ್ಕಳೇ, ಹೊಲದ ಬದುವಿನ ಹುಳುವನ್ನು ಹಿಡಿದು ಹಿಂಸಿಸದೆ ನೋಡಿ, ಕಂಡುದನ್ನು ಕಂಡಂತೆ ಬರೆಯಿರಿ. ಪೋಷಕರೇ, ಅದಕ್ಕೊಂದು ಪುಸ್ತಕವನ್ನೂ ಸೀಸದಕಡ್ಡಿಯನ್ನೂ ಕೊಡಿಸಿರಿ. ಮಕ್ಕಳು 'ಇದೇನು?' ಎಂದು ಕೇಳಿದಾಗ ಅವಸರದ ಉತ್ತರ ಕೊಡದೆ, 'ಬಾ, ನೋಡೋಣ' ಎನ್ನಿರಿ ಎಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.