ಪಂಪ್ ನಿಂತ್ರೆ ಕೆಲಸ ಮುಗೀತು ಅಂತಲ್ಲ

ನಂಜನಗೂಡು, ಟಿ. ನರಸೀಪುರ ಕಡೆಯಿಂದ ಕೇಳ್ತಿರೋರಿಗೆ ಮೊದಲು ಒಂದು ಪ್ರಶ್ನೆ: ಹಡಗಿಗೂ ನಮಗೂ ಏನು ಸಂಬಂಧ? ಅಡುಗೆಮನೆಗೆ ಹೋಗಿ ಸಿಲಿಂಡರ್ ನೋಡಿ. ನಮ್ಮ ದೇಶ ಬಳಸೋ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಹಡಗಲ್ಲೇ ಬರುತ್ತೆ. ಮಂಗಳೂರಿನ ಪಣಂಬೂರಲ್ಲಿ ಇಳಿದ ಗ್ಯಾಸ್, ಎಚ್‌ಪಿಸಿಎಲ್ ಪೈಪ್‌ಲೈನಲ್ಲಿ ಹಾಸನ ದಾಟಿ ಮೈಸೂರಿಗೆ ಬರುತ್ತೆ. ಅಲ್ಲಿ ಸಿಲಿಂಡರಿಗೆ ತುಂಬಿ ನಮ್ಮೂರಿಗೆ ಕಳಿಸ್ತಾರೆ.

ಹಡಗು ಒರಗಿ ನಿಲ್ಲೋ ಕಟ್ಟೆಗೆ ಜೆಟ್ಟಿ ಅಂತಾರೆ. ಅಲ್ಲಿ ಜೆಸಿಬಿ ಕೈ ಥರ ಮಡಚೋ ಒಂದು ದೊಡ್ಡ ಪೈಪು ಇರುತ್ತೆ, ಹೆಸರು ಲೋಡಿಂಗ್ ಆರ್ಮ್. ಅದನ್ನ ಹಡಗಿಗೆ ಜೋಡಿಸಿ ಗ್ಯಾಸ್ ಇಳಿಸ್ತಾರೆ. ಶುರು ಮಾಡುವಾಗ ಎಲ್ಲರೂ ಎಚ್ಚರವಾಗಿರ್ತಾರೆ. ಎಚ್ಚರ ತಪ್ಪೋದು ಕೊನೆಯಲ್ಲಿ, ‘ಮುಗೀತಪ್ಪ’ ಅಂದಾಗ. ತಿರುಮಕೂಡಲಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು: ದಡ ಬಂತು ಅಂತ ಎಲ್ಲರೂ ಒಟ್ಟಿಗೆ ಎದ್ದು ನಿಂತ್ರೇನೇ ಅಪಾಯ.

ಹಾಗಾದ್ರೆ ಸರಿಯಾಗಿ ಮುಗಿಸೋದು ಹೇಗೆ? ಮೊದಲು ವೇಗ ಇಳಿಸ್ಬೇಕು. ಹಡಗಿನವರು, ದಡದವರು ವೈರ್‌ಲೆಸ್‌ನಲ್ಲಿ ಮಾತಾಡಿಕೊಂಡು, ಪಂಪ್ ನಿಲ್ಲಿಸಿ, ವಾಲ್ವನ್ನ ನಿಧಾನವಾಗಿ ಮುಚ್ಚಬೇಕು. ಗದ್ದೆಗೆ ನೀರು ಹೋಗ್ತಿರುವಾಗ ಗೇಟ್‌ವಾಲ್ವ್ ಫಟ್ ಅಂತ ಮುಚ್ಚಿದ್ರೆ ಪೈಪು ‘ಧಡ್’ ಅನ್ನುತ್ತಲ್ಲ, ಇಲ್ಲೂ ಅದೇ ಹೊಡೆತ. ಆದ್ರೆ ಪೈಪಲ್ಲಿರೋದು ನೀರಲ್ಲ.

ಪಂಪ್ ನಿಂತರೂ ಆರ್ಮ್ ಒಳಗೆ ದ್ರವ ಉಳಿದಿರುತ್ತೆ. ಎರಡು ವಾಲ್ವ್‌ಗಳ ಮಧ್ಯೆ ಅದು ತುಂಬಿಕೊಂಡು ಸಿಕ್ಕಿಬಿದ್ರೆ ಬಿಸಿಲಿಗೆ ಹಿಗ್ಗಿ ಪೈಪನ್ನೇ ಒಡೀಬಹುದು. ಖಾಲಿ ಮಾಡದೆ ಬಿಚ್ಚಿದ್ರೆ ಹೊರಗೆ ಚೆಲ್ಲುತ್ತೆ. 1 ಲೀಟರ್ ದ್ರವ ಹೊರಬಂದ್ರೆ ಸುಮಾರು 250 ಲೀಟರ್ ಅನಿಲ ಆಗುತ್ತೆ. ಗಾಳಿಗಿಂತ ಭಾರ ಇರೋದ್ರಿಂದ ಮೇಲಕ್ಕೆ ಹೋಗಲ್ಲ, ನೆಲ ಹಿಡಿದು ಹರಡುತ್ತೆ. ಅದಕ್ಕೇ ನೈಟ್ರೋಜನ್‌ನಿಂದ ದೂಡಿ ಖಾಲಿ ಮಾಡಿ, ಒತ್ತಡ ಸೊನ್ನೆ ಆಯ್ತಾ ನೋಡಿ, ಗ್ಯಾಸ್ ಡಿಟೆಕ್ಟರ್ ಹಿಡಿದು, ಆಮೇಲೆ ಬಿಚ್ಚಬೇಕು. ಬಿಚ್ಚಿದ ಬಾಯಿಗೆ ಮುಚ್ಚಳ ಹಾಕಿ ಎಲ್ಲಾ ಬೋಲ್ಟೂ ಬಿಗಿಯಬೇಕು. ನಾಲ್ಕು ಬೋಲ್ಟ್ ಸಾಕು ಅನ್ನೋ ಹಾಗಿಲ್ಲ.

ಎಚ್ಚರ ತಪ್ಪಿದ್ರೆ ಏನಾಗುತ್ತೆ? 1979ರ ಜನವರಿ 8, ನಡುರಾತ್ರಿ ಕಳೆದ ಹೊತ್ತು, ಐರ್ಲೆಂಡಿನ ವಿಡ್ಡಿ ದ್ವೀಪ. ‘ಬೆಟೆಲ್ಜ್ಯೂಸ್’ ಅನ್ನೋ ಫ್ರೆಂಚ್ ಟ್ಯಾಂಕರ್ ಬಹುಪಾಲು ಕಚ್ಚಾ ತೈಲ ಇಳಿಸಿಯಾಗಿತ್ತು. ತುಕ್ಕು ಹಿಡಿದ ಹಡಗು, ಮೇಲೆ ಭಾರದ ಸಮತೋಲನ ತಪ್ಪಿತ್ತು. ಅದು ಮುರಿದು ಬೆಂಕಿ ಹತ್ತಿತು. 50 ಜನ ಸತ್ರು. ನಿಗಾ ಇಡಬೇಕಿದ್ದವರು ಆ ಹೊತ್ತಲ್ಲಿ ಕಂಟ್ರೋಲ್ ರೂಮಲ್ಲಿರಲಿಲ್ಲ ಅಂತ ತನಿಖೆ ಹೇಳಿತು. ಜೆಟ್ಟಿ ಮೇಲಿದ್ದವರಿಗೆ ದಡಕ್ಕೆ ನಡೆದು ಹೋಗೋಕೆ ದಾರಿಯೂ ಇರಲಿಲ್ಲ.

ಇದು ನಮಗ್ಯಾಕೆ? ನಂಜನಗೂಡು, ತಾಂಡವಪುರ, ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿ ಗುತ್ತಿಗೆ ಮೇಲೆ ಕೆಲಸ ಮಾಡೋ ಹುಡುಗರು ಈ ಪಾಡ್‌ಕಾಸ್ಟ್ ಕೇಳ್ತೀರ. ಕೆಮಿಕಲ್ಲೋ, ಫರ್ನೆಸ್ ಆಯಿಲ್ಲೋ, ಫ್ಯಾಕ್ಟರಿಗೆ ಟ್ಯಾಂಕರ್ ಬಂದಾಗ ಹೋಸ್ ಹಿಡಿಯೋದು ನೀವೇ. ಜೆಟ್ಟಿಯ ಸೂತ್ರ ಅಲ್ಲಿಗೂ ಅದೇ. ಶಿಫ್ಟ್ ಮುಗೀತು, ಡ್ರೈವರ್‌ಗೆ ಅರ್ಜೆಂಟು, ಸೂಪರ್‌ವೈಸರ್ ‘ಬೇಗ ಬಿಚ್ಚಪ್ಪ’ ಅಂತಾರೆ. ಆಗ ‘ಒತ್ತಡ ನೋಡಿ ಬಿಚ್ತೀನಿ ಸಾರ್’ ಅನ್ನಿ. ಹಾಗೆ ಹೇಳಿದವನ ಕೆಲಸ ಹೋಗದ ಹಾಗೆ ನೋಡ್ಕೊಳ್ಳೋದು ಕಂಪನಿ ಜವಾಬ್ದಾರಿ. ಅದಿಲ್ಲದಿದ್ರೆ ಗೋಡೆ ಮೇಲಿನ ಸೇಫ್ಟಿ ಬೋರ್ಡು ಬರೀ ಬಣ್ಣ.

ಮನೆಯಲ್ಲೂ ಅಷ್ಟೇ. ಸಿಲಿಂಡರ್ ಬದಲಾಯಿಸುವಾಗ ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಆಮೇಲೆ ತೆಗೀರಿ. ಖಾಲಿ ಸಿಲಿಂಡರಿಗೂ ಮುಚ್ಚಳ ಹಾಕಿ. ಗ್ಯಾಸ್ ವಾಸನೆ ಬಂದ್ರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆಗೆದು, ಮನೆಯಿಂದ ಆಚೆ ಬಂದು 1906ಕ್ಕೆ ಫೋನ್ ಮಾಡಿ. ಈ ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ, ಅಮ್ಮನ ಫೋನಲ್ಲೂ.

ಇವತ್ತಿಗೆ ಇಷ್ಟೇ. ಟ್ಯಾಂಕರ್ ಹತ್ರ ಕೆಲಸ ಮಾಡೋ ಫ್ರೆಂಡ್ ಇದ್ರೆ ಇದನ್ನ ಕಳಿಸಿ.